ರೆಕ್ಕೆಯ ಹಿಂದಿನ ಎರಡು ಚುಕ್ಕೆ

ಜುಲೈ ೧೫, ಬುಧವಾರ

ಗುಬ್ಬಿಮರಿಯೇ,

ಮೂಲ ಚಿತ್ರ ಸಿಗುತ್ತಿಲ್ಲ ಎಂದು ನಾನು ಹೇಳಿದಾಗಿನಿಂದ ನೀನು ಫೋನು ಎತ್ತುತ್ತಿಲ್ಲ. ಎತ್ತಿದ್ದರೂ ನಾನು ಮಾತು ತಿರುಗಿಸುತ್ತಿದ್ದೆ. ಅದಕ್ಕೇ ಈ ಕಾಗದ. ಇದರಲ್ಲಿ ನುಣುಚಿಕೊಳ್ಳಲು ಜಾಗ ಕಡಿಮೆ.

ನೀನು ಮನೆಗೆ ಬಂದಿದ್ದಾಗ ಬಚ್ಚಲ ಗೋಡೆಯ ಮೇಲೆ ಆ ಉದ್ದ ಕಾಲಿನ ಕೀಟ ಕೂತಿತ್ತು. ನಿಮ್ಮಮ್ಮ, "ಸೊಳ್ಳೆಗಳಿಗೆ ಮಾವ ಬಂದಿದಾನೆ" ಎಂದು ಪೊರಕೆ ಎತ್ತಿದಳು. ನೀನು ಅಡ್ಡ ನಿಂತೆ. "ಅಮ್ಮಾ, ಕ್ರೇನ್ ಫ್ಲೈ ಇದು, ಕಚ್ಚಲ್ಲ. ಪಾದ ನೋಡು, ಎಷ್ಟು ಬೆಳ್ಳಗಿದೆ! ಇಂಥದ್ದು ನಾನೆಲ್ಲೂ ನೋಡಿಲ್ಲ." ಹನ್ನೊಂದು ಚಿತ್ರ ತೆಗೆದು, ಒಂದನ್ನು ಆರಿಸಿ, ಕ್ಯಾಮೆರಾದ ಕಾರ್ಡನ್ನು ನನ್ನ ಕೈಗಿತ್ತು ಬಸ್ಸು ಹತ್ತಿದೆ. ದೊಡ್ಡದಾಗಿ ಪ್ರಿಂಟ್ ಹಾಕಿ ಮ್ಯೂಸಿಯಮ್ಮಿನ ಕೀಟತಜ್ಞರಿಗೆ ಕಳಿಸಿಬಿಡಪ್ಪಾ ಎಂದೆ.

ಇಂಥ ಕೀಟಕ್ಕೆ ರೆಕ್ಕೆಯ ಹಿಂದೆ ಗುಂಡುಸೂಜಿಯಂಥ ಎರಡು ಕಡ್ಡಿ ಇರಲೇಬೇಕು, ಹಾರುವಾಗ ಓಲಾಡದಿರಲು. ಚಿತ್ರದಲ್ಲಿ ಅವಿಲ್ಲ, ಇದು ಕೈವಾಡ ಎಂದು ಅವರು ಬರೆದರು. ನೀನು ನಾಲ್ಕು ವರ್ಷದ ಭಾನುವಾರಗಳನ್ನೆಲ್ಲ ಸುರಿದ ಅವರ ಕೀಟ ಸಮೀಕ್ಷೆಯಿಂದ ನಿನ್ನ ಹೆಸರು ತೆಗೆದರು. "ನನ್ನನ್ನ ಸುಳ್ಳುಗಾತಿ ಅಂದ್ರಪ್ಪಾ" ಎಂದು ಅತ್ತು, ನೀನು ಮೂಲ ಚಿತ್ರ ಕೇಳಿದೆ.

ಆ ಕಡ್ಡಿಗಳನ್ನು ಅಳಿಸಿದವನು ನಾನು, ಮಗಳೇ. ಮೂಲ ಚಿತ್ರ ಎಲ್ಲಿಗೂ ಹೋಗಿರಲಿಲ್ಲ.

ಮೂವತ್ತೆಂಟು ವರ್ಷ ಸ್ಟುಡಿಯೋದಲ್ಲಿ ಮದುಮಕ್ಕಳ ಮೊಡವೆ, ಸಾಹುಕಾರರ ಕಣ್ಣ ಕೆಳಗಿನ ಚೀಲ ತೆಗೆದ ಕೈ ಇದು. ಚುಕ್ಕೆ ಕಂಡರೆ ತಡೆಯದು. ಧೂಳು ಎಂದುಕೊಂಡೆ. ಎಡಕ್ಕೊಂದು ಬಲಕ್ಕೊಂದು, ಅಳೆದಿಟ್ಟ ಹಾಗೆ ಧೂಳು ಕೂರುತ್ತದೆಯೇ? ಕೇಳಿಕೊಳ್ಳಬೇಕಿತ್ತು. ಗಿರಾಕಿಗಳ ಮುಂದೆ ತಪ್ಪೊಪ್ಪಿಕೊಂಡವನೇ ಅಲ್ಲ; "ಬೆಳಕು ಸರಿ ಇರಲಿಲ್ಲ ಸಾರ್" ಅಂದರೆ ಮುಗಿಯುತ್ತಿತ್ತು. ನಿನ್ನ ಮುಂದೆ ಬೆಳಕನ್ನು ದೂರಲು ಬಾಯಿ ಬರಲಿಲ್ಲ. ನಿಜ ಹೇಳಲೂ ಬರಲಿಲ್ಲ.

ನಿನ್ನೆ ಮೂಲದ್ದು, ನಾನು ತಿದ್ದಿದ್ದು, ಎರಡೂ ಚಿತ್ರ ಪ್ರಿಂಟ್ ಹಾಕಿ, ಕಾರ್ಡೂ ಹಿಡಿದುಕೊಂಡು ಹೋಗಿ ತಜ್ಞರೆದುರು ಕೂತೆ. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಬಿಳಿಪಾದದ ಇಂಥದ್ದು ತಮ್ಮ ಸಂಗ್ರಹದಲ್ಲಿಲ್ಲ, ಚಿತ್ರವೊಂದರಿಂದಲೇ ಹೆಸರು ಹೇಳಲಾರೆ, ಉಳಿದ ಹತ್ತನ್ನೂ ಜೊತೆಗೆ ಕೂತು ನೋಡಬೇಕು, ಮಗಳೇ ಖುದ್ದಾಗಿ ಬರಲಿ ಎಂದರು. ಸಮೀಕ್ಷೆಯ ಪಟ್ಟಿಗೆ ನಿನ್ನ ಹೆಸರನ್ನು ನನ್ನೆದುರೇ ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಬರೋದು ಬೇಡ" ಎಂದರು. ನ್ಯಾಯವಾಗಿಯೇ ಇತ್ತು.

ಇದೇ ಇಪ್ಪತ್ತನಾಲ್ಕಕ್ಕೆ, ಬೆಳಿಗ್ಗೆ ಹತ್ತೂವರೆಗೆ, ಮ್ಯೂಸಿಯಮ್ಮಿನಲ್ಲಿ. ನನ್ನ ಮೇಲಿನ ಸಿಟ್ಟು ಇರಲಿ, ಹೋಗುವುದನ್ನು ಬಿಡಬೇಡ.

ಕೈ ಸುಮ್ಮನಿಡಲು ಬಾರದ
ನಿನ್ನಪ್ಪ

ತಾ.ಕ.: ಒಂದು ಬಿಟ್ಟುಹೋಯಿತು. ತಜ್ಞರ ಮುಂದೆ ಮೊದಲು ಬಾಯಿಂದ ಬಂದದ್ದು, "ಇದು ನಮ್ಮ ಸ್ಟುಡಿಯೋದ ಕೆಲಸದವನು ಮಾಡಿದ್ದು" ಎಂದೇ. ಅವನ ಹೆಸರೇನು ಎಂದು ಕೇಳಿದರು. ನನ್ನ ಹೆಸರು ಹೇಳಿದೆ.