ಒಸಾಕಾದ ಸ್ನಾನದ ಮನೆಯಲ್ಲಿ ಅಮ್ಮನ ದಿನ

ಒಸಾಕಾ, ಸೋಮವಾರ

ಅಕ್ಕಾ,

ಅಮ್ಮ ಹೋಗಿ ನಿನ್ನೆಗೆ ವರ್ಷ ತುಂಬಿತು. ನಮ್ಮೂರು ಇಲೋಯಿಲೋದಲ್ಲಿ ನೀವೆಲ್ಲ ಸೇರಿ ಪ್ರಾರ್ಥನೆ ಮಾಡಿಸಿ, ವರ್ಷದ ಶೋಕ ಮುಗಿಸಿ ಕಪ್ಪು ಬಟ್ಟೆ ಮಡಚಿಟ್ಟಿರುತ್ತೀರಿ. ನನಗೆ ಶಾಲೆಯಿಂದ ರಜೆ ಸಿಗಲಿಲ್ಲ. ಕೋಣೆಯಲ್ಲಿ ಒಬ್ಬಳೇ ಕೂರಲು ಹೆದರಿ, ಕರೆದ ಕಡೆಗೆಲ್ಲ ಹೋದೆ. ಶುಕ್ರವಾರ ಶಾಲೆಯ ಮೇಷ್ಟರುಗಳ ಜೊತೆ ಊಟ. ಶನಿವಾರ ಹೊಳೆದಂಡೆಯಲ್ಲಿ ಇಲ್ಲಿರುವ ನಮ್ಮ ದೇಶದವರೆಲ್ಲ ಸೇರಿ ಮಾಂಸ ಸುಟ್ಟು ತಿಂದು, ಗಂಟಲು ಬೀಳುವವರೆಗೆ ಹಾಡಿದೆವು. ಭಾನುವಾರ ಬೆಳಿಗ್ಗೆ ಗೆಳತಿಯ ಮಗುವಿನ ಹುಟ್ಟುಹಬ್ಬ. ಎಲ್ಲ ಕಡೆ ನಕ್ಕೆ, ಯಾರಿಗೂ ಏನೂ ಹೇಳಲಿಲ್ಲ.

ಮಧ್ಯಾಹ್ನ, ಹೆಂಗಸರೆಲ್ಲ ಒಟ್ಟಿಗೆ ಕೂತು ಮೀಯುವ ನಮ್ಮ ಬೀದಿಯ ಸ್ನಾನದ ಮನೆಗೆ ಹೋದೆ. ಪಕ್ಕದಲ್ಲಿ ತೋಫು ಅಂಗಡಿಯ ಕಿನುಯೋ ಅಜ್ಜಿ ಕೂತಿದ್ದರು.

"ತಿರುಗೇ ಹುಡುಗಿ, ಬೆನ್ನುಜ್ತೀನಿ. ನಿನ್ ಕೈ ಅಲ್ಲಿಗೆಲ್ಲಿ ಎಟುಕುತ್ತೆ?"

ಆ ಕೈ ಬೆನ್ನಿಗೆ ತಾಗಿದ್ದೇ ತಡ, ಅಳು ಬಂದುಬಿಟ್ಟಿತು.

"ಅಯ್ಯೋ, ಜೋರಾಗಿ ಉಜ್ಜಿದ್ನಾ?"

"ಇಲ್ಲ ಅಜ್ಜಿ. ಇವತ್ತು ನಮ್ಮಮ್ಮ ಹೋದ ದಿನ."

ಅವರು ನನ್ನ ಬೆನ್ನಿಗೆ ಬಿಸಿನೀರು ಹೊಯ್ದರು. "ನಿಮ್ಮಮ್ಮನ ಹೆಸರೇನು?" ಎಂದರು.

"ಫ್ಲೊರೆನ್ಸಿಯಾ."

ಆ ಹೆಸರಿಗೆ ಅವರ ನಾಲಿಗೆ ಹೊರಳಲೇ ಇಲ್ಲ. ಆದರೂ ಬಿಡದೆ, ಸರಿಯಾಗಿ ಬರುವವರೆಗೂ ನನ್ನಿಂದ ಹೇಳಿಸಿಕೊಂಡು ಕಲಿತರು. ಎಷ್ಟೋ ದಿನದ ಮೇಲೆ ಆ ಹೆಸರನ್ನು ಅಷ್ಟು ಸಲ ಗಟ್ಟಿಯಾಗಿ ಹೇಳಿದೆ ಅಕ್ಕಾ.

ಹೋದ ಪತ್ರದಲ್ಲಿ ಬರೆದಿದ್ದ ನನ್ನ ಕೆಮ್ಮು ಪೂರ್ತಿ ಹೋಗಿದೆ, ಔಷಧಿ ಕಳಿಸಬೇಡ. ಅಮ್ಮ ನಗುತ್ತಿರುವ ಒಂದು ಫೋಟೋ ಕಳಿಸು. ಕಿನುಯೋ ಅಜ್ಜಿಗೆ ಅಮ್ಮನ ಮುಖ ನೋಡಬೇಕಂತೆ.

ನಿನ್ನ ಮಾರಿಫೆ