ಬೂದುಗುಂಬಳದ ಏಟು

ಶಿಕಾರಿಪುರ
ಶನಿವಾರ, 23-10-1999

ನನ್ನ ಪ್ರೀತಿಯ ಮನೆಯವರಿಗೆ,

ನಿಮ್ಮ ಗಂಗಾಶ್ರೀ ಮಾಡುವ ನಮಸ್ಕಾರಗಳು. ಕಾಲುನೋವು ಹೇಗಿದೆ? ತುರಿಕೆಯೆಂದು ಪ್ಲಾಸ್ಟರಿನೊಳಗೆ ಪೊರಕೆಕಡ್ಡಿ ತೂರಿಸಿ ನರ್ಸಮ್ಮನಿಂದ ಬೈಸಿಕೊಂಡಿರಂತೆ, ನಿಮ್ಮ ತಮ್ಮ ಮಲ್ಲಿಕಾರ್ಜುನ್ ಫೋನಿನಲ್ಲಿ ಹೇಳಿದ. ಚಿಕ್ಕ ಮಗುವೇನ್ರೀ ನೀವು? ಇಲ್ಲಿ ಎಲ್ಲರೂ ಆರಾಮ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಮಾವನವರು ಪಕ್ಕದಲ್ಲೇ ಕೂತಿರುತ್ತಾರೆ.

ನಿಮ್ಮ ಕಾರು ಇನ್ನೇನು ಕೈಬಿಟ್ಟು ಹೋಗುವುದರಲ್ಲಿತ್ತು! ಆಯುಧಪೂಜೆಯ ದಿನ ತೊಳೆದು, ವಿಭೂತಿ ಬಳಿದು, ಹೂವಿನ ಹಾರ ಹಾಕಿದೆವು. ಬೂದುಗುಂಬಳಕಾಯಿ ಇಳಿ ತೆಗೆಯುವಾಗ ಅದು ಮಾವನವರ ಕೈಜಾರಿ ಡಿಕ್ಕಿಯ ಮೇಲೆ ಧಡ್ ಎಂದು ಬಿತ್ತು. ಆಮೇಲೆ ಕಾರು ಸ್ಟಾರ್ಟೇ ಆಗಲಿಲ್ಲ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ದೃಷ್ಟಿ ತಾಗಿದೆ ಎಂದು ಮಾವನವರು ಇನ್ನೊಂದು ಕುಂಬಳಕಾಯಿ ಒಡೆಸಿದರು. ಅದಕ್ಕೂ ಜಗ್ಗದಿದ್ದಾಗ “ಈ ಮುಂಬಯಿ ಗಾಡಿ ಸಹವಾಸಾನೇ ಬ್ಯಾಡ, ಅವನು ಬರೋದ್ರಾಗೆ ಸಾಗಹಾಕಿಬಿಡೋಣ” ಎಂದು ಆನವಟ್ಟಿಯ ಗಾಡಿ ವ್ಯಾಪಾರಿ ಉಜ್ಜಪ್ಪನಿಗೆ ಇವತ್ತು ಬರಲು ಹೇಳಿಯೇಬಿಟ್ಟರು. ಅದೇ ಕಾರಿನಲ್ಲಿ ಮನೆಗೆ ಬರಬೇಕೆಂದು ನೀವು ಆಸೆಪಟ್ಟಿದ್ದು ನನಗೊಬ್ಬಳಿಗೆ ತಾನೇ ಗೊತ್ತು?

ಸೊರಬದಿಂದ ಯತೀಶ ಮೇಸ್ತ್ರಿಯನ್ನು ಕರೆಸಿದೆ. ಬಾನೆಟ್ ಎತ್ತಿ ನೋಡಿ “ಅಕ್ಕಾ, ಇದ್ರಲ್ಲಿ ಕಾರ್ಬೊರೇಟರೇ ಇಲ್ವಲ್ಲ, ನಾನೇನು ಬಿಚ್ಚಲಿ?” ಅಂದ. ಪ್ಲಗ್ ತೆಗೆದು ನೋಡಿದರೆ ಕಿಡಿ ಸರಿಯಾಗಿಯೇ ಬರುತ್ತಿತ್ತು, ಪ್ಲಗ್ ಮಾತ್ರ ಒಣಗಿತ್ತು. ಅಂದರೆ ಪೆಟ್ರೋಲ್ ಬರುತ್ತಿಲ್ಲ ಎಂದು ಇಬ್ಬರಿಗೂ ಹೊಳೆಯಿತು. ಟ್ಯಾಂಕ್ ತುಂಬಿದೆ, ಮತ್ತೇಕೆ? ಆಗಲೇ ಜ್ಞಾಪಕವಾಯಿತು ನೋಡಿ! ಕೀ ತಿರುಗಿಸಿದೊಡನೆ ಹಿಂದಿನ ಸೀಟಿನ ಕೆಳಗೆ ಸಣ್ಣಗೆ ಗುಂಯ್ ಎನ್ನುತ್ತಿತ್ತಲ್ಲ ಪಂಪು, ಆ ಸದ್ದೇ ಇಲ್ಲ. ಮುಂಬಯಿಯಿಂದ ಕಾರು ತಂದ ಹೊಸದರಲ್ಲಿ ನೀವು ಜಂಬ ಕೊಚ್ಚಿಕೊಂಡಿದ್ದಿರಿ: “ಇದಕ್ಕೆ ಯಾರಾದ್ರೂ ಗುದ್ದಿದ್ರೆ ಪೆಟ್ರೋಲ್ ತಾನಾಗೇ ನಿಲ್ತದೆ, ಬೆಂಕಿ ಹತ್ತಲ್ಲ, ಡಿಕ್ಕೀಲಿ ಸ್ವಿಚ್ ಐತೆ.” ಗುದ್ದಿದ್ದು ಯಾರು ಹೇಳಿ? ಕುಂಬಳಕಾಯಿ!

ಅಷ್ಟರಲ್ಲಾಗಲೇ ಬಂದ ಉಜ್ಜಪ್ಪ ಟೈರು ಒದ್ದು ನೋಡುತ್ತಾ ನಿಂತಿದ್ದ. ನಾನು ಡಿಕ್ಕಿಯೊಳಗೆ ತಲೆ ತೂರಿಸಿ, ಹೊದಿಕೆ ಸರಿಸಿ, ಮೇಲೆದ್ದಿದ್ದ ಗುಂಡಿ ಒತ್ತಿದೆ. ಪೆಟ್ರೋಲ್ ಎಲ್ಲೂ ಸೋರುತ್ತಿಲ್ಲವೆಂದು ಯತೀಶ ಬಗ್ಗಿ ನೋಡಿ, ಕೀ ತಿರುಗಿಸಿದ. ಗುಂಯ್ ಎಂದಿತು ರೀ! ಸೆಲ್ಫ್ ಹೊಡೆದ ಕೂಡಲೇ ಎಂಜಿನ್ ಹಿಡಿಯಿತು. ಖುಷಿಗೆ ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಶೇಷಮ್ಮ ಓಡಿಬಂದರು. ಮಾವನವರ ಮುಖ ಸಣ್ಣದಾಯಿತು. “ಹಂಗಾರೆ ನನ್ನ ಕೈಯಿಂದಲೇ ಆಗಿದ್ದೇನವ್ವಾ?” ಅಂದರು. ಪಾಪ ಅನ್ನಿಸಿತು. ಆಮೇಲೆ ಉಜ್ಜಪ್ಪನಿಗೆ ಚಹಾ ಕುಡಿಸಿ, ಗಾಡಿ ಕೊಡುವುದಿಲ್ಲ ಎಂದು ಅವರೇ ಹೇಳಿ ಕಳಿಸಿದರು.

ಮಲ್ಲಿಕಾರ್ಜುನ್‌ಗೆ ಆಶೀರ್ವಾದ ತಿಳಿಸಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಕಡ್ಡಿ ಮುಟ್ಟಬೇಡಿ.

ನಿಮ್ಮ
ಗಂಗಾಶ್ರೀ

ತಾ.ಕ.: ಅಂಚೆಯ ಹೊತ್ತಾಯಿತು. ಗುರುವಾರ ಘಟ್ಟದ ಕೆಳಗಿನ ಆಸ್ಪತ್ರೆಯಿಂದ ನಿಮ್ಮನ್ನು ಕರೆತರಲು ಡ್ರೈವರ್ ಯಾರು ಎಂದು ಮಾವನವರು ಕೇಳಿದರು. ನೀವು ಉಳವಿ ರಸ್ತೆಯಲ್ಲಿ ಗುಟ್ಟಾಗಿ ಕಲಿಸಿದ್ದನ್ನು ಇನ್ನೆಷ್ಟು ದಿನ ಮುಚ್ಚಿಡಲಿ? ಲೈಸೆನ್ಸ್ ತಂದು ಅವರ ಕೈಗಿಟ್ಟೆ. ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, “ಹಂಗಾದ್ರೆ ಮುಂದಿನ ಸೀಟು ನಂದು” ಅಂದರು. ನೀವು ಹಿಂದೆ ಕಾಲು ಚಾಚಿ ಕೂರಿ. ಘಟ್ಟದಲ್ಲಿ “ಕ್ಲಚ್ಚು, ಕ್ಲಚ್ಚು” ಎಂದು ಕೂಗಿದಿರೋ, ಅಲ್ಲೇ ಇಳಿಸಿಬಿಡುತ್ತೇನೆ.