ಧೂಳೆಂದು ಒರೆಸಿದ ಚುಕ್ಕಿಗಳು

ನವೆಂಬರ್ ೧೪, ಶುಕ್ರವಾರ

ಆ ಬಾವಿ ಮನಸ್ಸಿನಿಂದ ಹೋಗುತ್ತಿಲ್ಲ. ಆಫೀಸಿನ ರಾನಿಯಾಳ ಅಮ್ಮ ಚಿಕ್ಕಂದಿನಲ್ಲಿ ಬಿಟ್ಟುಬಂದ ಪ್ಯಾಲೆಸ್ತೀನಿನ ಹಳ್ಳಿಯ ಹಳೆಯ ನಕ್ಷೆಯನ್ನು ಸ್ಕ್ಯಾನ್ ಮಾಡಿ, ದೊಡ್ಡದಾಗಿ ಪ್ರಿಂಟ್ ತೆಗೆದು, ಇವತ್ತು ಮದೀನತ್ ಖಲೀಫಾ ಬಡಾವಣೆಯ ಅವರ ಮನೆಗೆ ಒಯ್ದಿದ್ದೆ. ರಾನಿಯಾಳ ಅಮ್ಮ, ನನ್ನ ಬಾಯಲ್ಲಿ ಅಜ್ಜಿ, ನಕ್ಷೆಯ ಮಸೀದಿಯ ಮೇಲೆ ಬೆರಳಿಟ್ಟು ದಾರಿಗುಂಟ ನಿಧಾನ ಬಂದರು. ಒಂದು ತಿರುವಿನಲ್ಲಿ ಬೆರಳು ನಿಂತಿತು.

“ನಮ್ಮ ಬಾವಿ ಇಲ್ಲಿತ್ತು. ಇದರಲ್ಲಿ ಮಾಫಿ, ಇಲ್ಲವೇ ಇಲ್ಲ,” ಎಂದರು.

ನನಗೆ ಆಗಲೇ ಹೊಳೆಯಿತು. ಸ್ಕ್ಯಾನ್‌ನಲ್ಲಿ ಕಂಡ ಸಣ್ಣ ಚುಕ್ಕಿಗಳನ್ನೆಲ್ಲ ಧೂಳೆಂದು ಒರೆಸಿಬಿಡುವುದು ನಕ್ಷೆ ಬಿಡಿಸುವ ನಮ್ಮ ಡ್ರಾಫ್ಟಿಂಗ್‌ನವರ ಹಾಳು ಅಭ್ಯಾಸ; ನಾನೂ ಅದನ್ನೇ ಮಾಡಿದ್ದೆ. ಮನೆಗೆ ಬಂದು ಮೂಲ ಫೈಲ್ ತೆರೆದೆ. ಅದೇ ತಿರುವಿನಲ್ಲಿ ಒಂದು ಚುಕ್ಕಿ ಇತ್ತು.

ಗಂಡ ಟ್ರೆವರ್ ಇಣುಕಿ ನೋಡಿ, “ಅದೊಂದು ವಾಪಸ್ ಹಾಕು ಮಾರಾಯ್ತಿ, ಖಲಾಸ್,” ಎಂದ.

ನಾನು ಎಲ್ಲವನ್ನೂ ಹಾಕಿದೆ. ಕೆಲವು ನಿಜಕ್ಕೂ ಧೂಳೇ ಇರಬಹುದು. ಯಾವುದೆಂದು ಅಜ್ಜಿಯೇ ಹೇಳಲಿ.